ಸ್ಪೇನ್ ಗೆದ್ದ ಮರುದಿನ

ನಮ್ಮೂರಿನ ಮೇಲುಕೇರಿಯಿಂದ ಬಸ್ ನಿಲ್ದಾಣಕ್ಕೆ ನಾನೂರ ಹನ್ನೆರಡು ಮೆಟ್ಟಿಲು. ರಸ್ತೆ ಇಲ್ಲ. ಬಂಡೆಯ ಮೈಗೆ ಊರನ್ನು ಅಂಟಿಸಿದ ಹಿರಿಯರಿಗೆ ರಸ್ತೆಯ ಯೋಚನೆ ಬಂದಿರಲಿಕ್ಕಿಲ್ಲ. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಮದುವೆಗೆ ಕೊಟ್ಟ ಬೀರು, ಎಲ್ಲವೂ ಹಮಾಲರ ಹೆಗಲ ಮೇಲೆಯೇ ಹತ್ತಬೇಕು, ಇಳಿಯಬೇಕು. ಮೂವತ್ತೆಂಟು ವರ್ಷದಿಂದ ನಾನು ಆ ಹಮಾಲರ ಮೇಸ್ತ್ರಿ. ಶಾಲೆಗೆ ಹೋದದ್ದು ಎರಡನೇ ತರಗತಿಯವರೆಗೆ. ಆದರೆ ಹೊರೆ ಕಣ್ಣಿಗೆ ಬಿದ್ದರೆ ಸಾಕು, ಅದಕ್ಕೆ ಎಷ್ಟು ಹೆಗಲು ಬೇಕು, ಎಷ್ಟನೇ ಮೆಟ್ಟಿಲಲ್ಲಿ ಇಳಿಸಿ ಉಸಿರು ಬಿಡಬೇಕು ಎಂದು ಹೇಳಬಲ್ಲೆ. ನಾಲ್ಕು ವರ್ಷಕ್ಕೊಮ್ಮೆ ಫುಟ್‌ಬಾಲ್ ವಿಶ್ವಕಪ್ಪಿನ ತಿಂಗಳು ಬಂದಾಗ ಮಾತ್ರ ಇಷ್ಟು ತಿಳಿದರೆ ಸಾಲದು. ಯಾವ ಹೊರೆಯನ್ನು ಯಾವ ದಿನ ಹೊರಬೇಕು ಎನ್ನುವುದನ್ನೂ ನೋಡಬೇಕು. ಹಿಂದಿನ ಸಂಜೆಯ ಕೊನೆಯ ಆಟವನ್ನು ಯಾವ ದೇಶ ಗೆಲ್ಲುತ್ತದೋ, ಮರುದಿನ ಸೂರ್ಯ ಹುಟ್ಟಿ ಮುಳುಗುವ ತನಕ ನಮ್ಮೂರಿನವರ ಕೈಕಾಲು ಆ ದೇಶದವು. ಆಟ ಸಮವಾದರೆ ನಮ್ಮ ಕೈಕಾಲು ನಮಗೇ.

ಹಾಗಾಗಿ ಜಂಬಣ್ಣನ ಕ್ಷೌರದಂಗಡಿಯ ಕನ್ನಡಿಯ ಪಕ್ಕ ಆಟಗಳ ಪಟ್ಟಿ ಅಂಟಿಸಿರುತ್ತದೆ. ಮುಹೂರ್ತ ಇಡುವ ಜೋಯಿಸರು ಕೂಡ ಪಂಚಾಂಗ ಬಿಡಿಸುವ ಮೊದಲು ಅಲ್ಲಿ ಬಂದು ಕನ್ನಡಕ ಏರಿಸಿ ಅದನ್ನು ನೋಡಿ ಹೋಗುತ್ತಾರೆ. ಊರಿಗಿರುವ ದೊಡ್ಡ ಟಿವಿಯೂ ಅಲ್ಲೇ. ಯಾವ ದೇಶದ ಆಟ ಮೇಲು ಎಂಬ ಜಗಳವೂ ಅಲ್ಲೇ. ಜಂಬಣ್ಣ ಹುಟ್ಟಾ ಬ್ರೆಜಿಲ್. ನಮ್ಮ ಹಮಾಲರಲ್ಲಿ ಮುಂದಿನ ಹೆಗಲು ಕೊಡುವ ಖಲಂದರ್ ಜರ್ಮನಿ. ನಾನು ಯಾರ ಪಕ್ಷವೂ ಅಲ್ಲ. ಹೊರೆ ಹೊರುವವನು ಆಟವನ್ನು ಬೇರೆ ಕಡೆಯಿಂದ ನೋಡುತ್ತಾನೆ.

ಬ್ರೆಜಿಲ್ ದಿನ ಹೊರೆ ಹೊತ್ತವನು ನೆಟ್ಟಗೆ ನಡೆಯುವುದಿಲ್ಲ. ಎಡಕ್ಕೆ ವಾಲಿದ ಹಾಗೆ ಮಾಡಿ ಬಲಕ್ಕೆ ಜಾರುತ್ತಾನೆ, ಎದುರಿಗೆ ಬಂದವರನ್ನು ಏಮಾರಿಸುತ್ತಾನೆ, ಕಟ್ಟೆಯ ಮೇಲೆ ಕೂತವರು ಚಪ್ಪಾಳೆ ತಟ್ಟುತ್ತಾರೆ. ಒಮ್ಮೆ ಹೀಗೆ ಒಂದು ಕನ್ನಡಿ ಬೀರು ಕುಣಿಕುಣಿದು ಮೇಲುಕೇರಿಗೆ ಹೋಯಿತು. ಬೀರು ತಲುಪಿತು, ಕನ್ನಡಿ ತಲುಪಲಿಲ್ಲ. ಇಂಗ್ಲೆಂಡ್ ದಿನ ಮೇಲೆ ನಿಂತವನು ಈರುಳ್ಳಿ ಮೂಟೆಯನ್ನು ಉದ್ದಕ್ಕೆ ಎಸೆಯುತ್ತಾನೆ, ಕೆಳಗಿನವನು ಓಡಿ ಹಿಡಿಯಬೇಕು. ಹಿಡಿದರೆ ಅರ್ಧ ಗಂಟೆಯ ಕೆಲಸ ಅರೆಗಳಿಗೆಯಲ್ಲಿ ಮುಗಿಯುತ್ತದೆ. ಹಿಡಿಯದಿದ್ದರೆ ಅಂದು ಕೆಳಕೇರಿಯ ಪ್ರತಿ ಮನೆಯಲ್ಲೂ ಈರುಳ್ಳಿ ಸಾರು. ಜಪಾನ್ ದಿನ ಎಲ್ಲರೂ ಬೆಳಗಿನಿಂದ ಸಂಜೆವರೆಗೆ ಓಡುತ್ತಲೇ ಇರುತ್ತಾರೆ, ಮನೆಗೆ ಹೋಗುವ ಮುಂಚೆ ಮೆಟ್ಟಿಲನ್ನೂ ಗುಡಿಸಿ ಹೋಗುತ್ತಾರೆ. ಕ್ಯಾಮರೂನ್ ಗೆದ್ದರೆ ಅಂಜಿಕೆ ಎನ್ನುವುದು ಊರು ಬಿಟ್ಟು ಹೋಗುತ್ತದೆ. ಇಪ್ಪತ್ತು ವರ್ಷ ಅತ್ತೆಯ ಮುಂದೆ ತಲೆಯೆತ್ತದ ಸೊಸೆಯಂದಿರು ಆ ಒಂದು ಹಗಲಲ್ಲಿ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಮರುದಿನದಿಂದ ಅತ್ತೆ ಸೊಸೆ ಇಬ್ಬರೂ ಹಗುರ.

ಜರ್ಮನಿ ದಿನವೇ ಹಮಾಲರ ದಿನ. ಎಂಟು ಜನ, ಹದಿನಾರು ಕಾಲು, ಒಂದೇ ಹೆಜ್ಜೆ. ಯಾರೂ ನಗುವುದಿಲ್ಲ, ಬೀಡಿಗೆ ನಿಲ್ಲುವುದಿಲ್ಲ, ಹೊರೆಯ ಮೇಲೆ ತುಂಬಿದ ಲೋಟ ಇಟ್ಟರೂ ತುಳುಕುವುದಿಲ್ಲ. ಗ್ಯಾಸ್ ಸಿಲಿಂಡರ್ ಮತ್ತು ಗಾಜಿನ ಸಾಮಾನನ್ನೆಲ್ಲ ನಾನು ಆ ದಿನಕ್ಕೇ ಕಾದಿರಿಸುತ್ತಿದ್ದೆ. ಹೊರೆಯವನ ಕೈಗೆ ಹತ್ತದ ದಿನವೆಂದರೆ ಸ್ಪೇನ್ ದಿನ. ಆವತ್ತು ಯಾರ ಕೈಯಲ್ಲೂ ಏನೂ ನಿಲ್ಲುವುದಿಲ್ಲ. ಮೂರು ಹೆಜ್ಜೆಯೊಳಗೆ ಪಕ್ಕದವನಿಗೆ ದಾಟಿಸಲೇಬೇಕು, ಅವನು ಇನ್ನೊಬ್ಬನಿಗೆ, ಇನ್ನೊಬ್ಬ ತಿರುಗಿ ನಮಗೇ. ಅಂಚೆಯವನ ಕೈಯಿಂದ ಹೊರಟ ಕಾಗದ ಊರೆಲ್ಲ ಸುತ್ತಿ ಸಂಜೆಗೆ ಅಂಚೆಯವನ ಕೈಗೇ ಬಂದದ್ದಿದೆ. ಬೀಳುವುದಿಲ್ಲ, ಒಡೆಯುವುದಿಲ್ಲ, ಆದರೆ ತಲುಪುವುದಿಲ್ಲ.

ನನ್ನ ಹೆಂಡತಿ ತಿಪ್ಪಮ್ಮ ಒಂದು ಆಟವನ್ನೂ ನೋಡಿದವಳಲ್ಲ. ಆದರೂ ಜಂಬಣ್ಣನ ಅಂಗಡಿಯಲ್ಲಿ ಕೂತವರೆಲ್ಲರಿಗಿಂತ ಅವಳ ತೀರ್ಪು ಸರಿಯಾಗಿರುತ್ತಿತ್ತು, ಯಾಕೆಂದರೆ ಅವಳದು ಒಲೆಯ ಮುಂದಿನ ತೀರ್ಪು. "ಬ್ರೆಜಿಲ್ ದಿನ ಒಗ್ಗರಣೆ ಘಮ್ ಅಂತದೆ, ಅನ್ನ ಸೀದಿರ್ತದೆ. ಜರ್ಮನಿ ದಿನ ಎಲ್ಲಾ ಮುದ್ದೆನೂ ಒಂದೇ ಅಳತೆ, ಒಂದೇ ರುಚಿ, ತಿಂದಿದ್ದೇ ನೆನಪಿರಲ್ಲ. ಸ್ಪೇನ್ ದಿನ ಮುದ್ದೆ ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ, ತಟ್ಟೆಗೆ ಬೀಳೋದ್ರೊಳಗೆ ತಣ್ಣಗಾಗಿರ್ತದೆ" ಎನ್ನುತ್ತಿದ್ದಳು.

ಹೊರಗಿನವರಿಗೆ ಇದು ತಟ್ಟುವುದಿಲ್ಲ, ನಮ್ಮೂರಿನ ನೀರು ಗಂಟಲಿಗೆ ಇಳಿಯುವ ತನಕ. ಒಮ್ಮೆ ಹಾಲೆಂಡ್ ದಿನ ಬ್ಯಾಂಕಿನ ತಪಾಸಣೆಗೆ ಬಂದ ಸಾಹೇಬರು ಬಾಯಾರಿ ಒಂದು ಲೋಟ ನೀರು ಕುಡಿದರು. ಹಾಲೆಂಡ್ ದಿನ ಯಾರೂ ತಮ್ಮ ಜಾಗದಲ್ಲಿ ನಿಲ್ಲದೆ ಎಲ್ಲರ ಕೆಲಸವನ್ನೂ ಎಲ್ಲರೂ ಮಾಡುತ್ತಾರಲ್ಲ, ಮಧ್ಯಾಹ್ನದ ಹೊತ್ತಿಗೆ ಸಾಹೇಬರು ದೇವಸ್ಥಾನದ ಮುಂದೆ ಕೂತು ಮಾರುದ್ದ ಮಲ್ಲಿಗೆ ಅಳೆಯುತ್ತಿದ್ದರು. ಒಳ್ಳೆಯ ಮನುಷ್ಯ. ಹೂವಿನವಳಿಗಿಂತ ಅಳತೆ ಧಾರಾಳವಾಗಿತ್ತು.

ಈಗ ಹೇಳುವ ಕಥೆ ಒಂದು ಭಾನುವಾರ ಶುರುವಾಯಿತು. ಶನಿವಾರ ಬ್ರೆಜಿಲ್ ಗೆದ್ದಿತ್ತು. ಬೆಳಿಗ್ಗೆ ತಿಪ್ಪಮ್ಮ ನಲ್ಲಿಯಿಂದ ಬಿಂದಿಗೆ ತುಂಬಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಎದುರಿಗೆ ಪಕ್ಕದ ಮನೆಯ ಹೊನ್ನೂರಮ್ಮ ಬಂದಳು. ಇಬ್ಬರೂ ಅದೇ ನಲ್ಲಿಯ ಸರದಿಗಾಗಿ ಜಗಳವಾಡಿ ಹನ್ನೊಂದು ವರ್ಷದಿಂದ ಮಾತು ಬಿಟ್ಟವರು. ಬೇರೆ ದಿನವಾದರೆ ತಿಪ್ಪಮ್ಮ ಮುಖ ತಿರುಗಿಸಿ ಹೋಗುತ್ತಿದ್ದಳು. ಅಂದು ಕಾಲು ಅವಳದಲ್ಲ. ಎಡಕ್ಕೆ ಹೋಗುವ ಹಾಗೆ ತೋರಿಸಿ, ಬಿಂದಿಗೆಯನ್ನು ಸೊಂಟದಿಂದ ಸೊಂಟಕ್ಕೆ ಹಾರಿಸಿ, ಒಂದು ಸುತ್ತು ತಿರುಗಿ ಹೊನ್ನೂರಮ್ಮನನ್ನು ದಾಟಿದಳು. ಕಟ್ಟೆಯ ಮೇಲಿದ್ದವರು ಹೋ ಎಂದರು. ಒದ್ದೆ ಮೆಟ್ಟಿಲಿನ ಮೇಲೆ ಕಾಲು ಜಾರಿ ಬಿದ್ದಾಗಲೂ ಅದು ಆಟದ ಒಂದು ಪಟ್ಟು ಎಂದೇ ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ಹೊನ್ನೂರಮ್ಮ ಕಿರುಚಿದ ಮೇಲೆಯೇ ಚಪ್ಪಾಳೆ ನಿಂತದ್ದು.

ಮೇಲುಕೇರಿಯ ನರ್ಸಮ್ಮ ಬಂದು ನೋಡಿ ನನ್ನನ್ನು ಹೊರಗೆ ಕರೆದರು. "ಸೊಂಟದ ಹತ್ರ ತೊಡೆ ಮೂಳೆ ಮುರಿದದೆ ಪಾಲಯ್ಯ. ಕೆಳಗಿನ ಆಸ್ಪತ್ರೆಗೆ ಮೂಳೆ ಡಾಕ್ಟ್ರು ಬರೋದು ಗುರುವಾರ ಮಾತ್ರ, ಮಧ್ಯಾಹ್ನ ಎರಡರ ತನಕ. ಈ ಗುರುವಾರ ತಪ್ಪಿದ್ರೆ ನಿನ್ನ ಹೆಂಡ್ತಿ ಮತ್ತೆ ನಡೆಯಲ್ಲ. ಇನ್ನೊಂದು ಮಾತು. ಸಾಗಿಸೋವಾಗ ಒಂದು ಜೋರು ಏಟು ಬಿದ್ರೂ ಮುರಿದ ಮೂಳೆ ಒಳಗಡೆ ರಕ್ತನಾಳ ಕುಯ್ದುಬಿಡಬಹುದು. ಆಮೇಲೆ ಬರೀ ಕಾಲಿನ ಮಾತಾಗಿರಲ್ಲ."

ನಾನು ಮೂವತ್ತೆಂಟು ವರ್ಷ ಊರಿನ ಹೊರೆ ಇಳಿಸಿದವನು. ಆವತ್ತು ಮೊದಲ ಸಲ ನಾನೂರ ಹನ್ನೆರಡು ಮೆಟ್ಟಿಲನ್ನೂ ಒಂದೊಂದಾಗಿ ಎಣಿಸುತ್ತ ಕೂತೆ.

ಆದಷ್ಟು ಬೇಗ ಕೆಳಗೆ ಸಾಗಿಸಿ ಆಸ್ಪತ್ರೆಯಲ್ಲೇ ಮಲಗಿಸಿಬಿಡೋಣ ಎಂದುಕೊಂಡರೆ ದಿನ ಕೂಡಿ ಬರಲಿಲ್ಲ. ಬ್ರೆಜಿಲ್ ಭಾನುವಾರ ಹೇಗೂ ಆಗದು. ಸೋಮವಾರ ಹಾಲೆಂಡ್ ಆಯಿತು. ನನ್ನ ಹಮಾಲರೆಲ್ಲ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು, ಹಲಗೆ ಹೊರಲು ಬಂದವರು ಇಬ್ಬರು ಮೇಷ್ಟ್ರು ಮತ್ತು ಒಬ್ಬ ದರ್ಜಿ. ಮಂಗಳವಾರ ಅರ್ಜೆಂಟೀನಾ. ಆವತ್ತು ಎಲ್ಲ ಕೆಲಸವನ್ನೂ ಒಬ್ಬನ ಮೇಲೆ ಬಿಟ್ಟು ಉಳಿದವರು ಅವನನ್ನೇ ನೋಡುತ್ತ ನಿಲ್ಲುತ್ತಾರೆ. ಎಂಟು ಜನ ಎತ್ತುವ ಹೊರೆಯ ಮುಂದೆ ಖಲಂದರ್ ಒಬ್ಬನೇ ನಿಂತ. "ಎಲ್ಲಾರೂ ನನ್ನ ಮುಖ ಯಾಕ್ ನೋಡ್ತೀರೋ?" ಎಂದು ಅವನು ಅಳುವುದೊಂದು ಬಾಕಿ. ಬುಧವಾರ ಇಟಲಿ. ಇಟಲಿ ದಿನ ಊರಿನಲ್ಲಿ ಯಾರೂ ತಮ್ಮ ಹೊಸ್ತಿಲು ಬಿಟ್ಟು ಕದಲುವುದಿಲ್ಲ. ಬಾಗಿಲಿಗೆ ಅಡ್ಡ ನಿಂತು ಎದುರು ಮನೆಯವನನ್ನು ಕಾಯುತ್ತಿರುತ್ತಾರೆ. ಅವನು ಇವರನ್ನು ಕಾಯುತ್ತಿರುತ್ತಾನೆ. ನನ್ನ ಮನೆಯ ಬಾಗಿಲಿಗೆ ನಾನೇ ಅಡ್ಡ ನಿಂತಿದ್ದೆ. ನರ್ಸಮ್ಮನನ್ನು ಒಳಗೆ ಬಿಡಲು ನನಗೆ ಹತ್ತು ನಿಮಿಷ ಹಿಡಿಯಿತು.

ಈ ದಿನಗಳಲ್ಲಿ ತಿಪ್ಪಮ್ಮ ಮಲಗಿದಲ್ಲೇ ಇದ್ದಳು, ತನ್ನ ಹಾಗೆಯೇ ಇದ್ದಳು. ಹಾಲೆಂಡ್ ದಿನ ಬೇರೆ ಕೆಲಸಕ್ಕೆ ಕೈ ಚಾಚಲಿಲ್ಲ, ಇಟಲಿ ದಿನ ಯಾರನ್ನೂ ತಡೆಯಲಿಲ್ಲ. ನೋವಾದಾಗ ಎಂದಿನ ಹಾಗೆ ಬೈದಳು, ನೋವು ತಗ್ಗಿದಾಗ ಎಂದಿನ ಹಾಗೆ ನಕ್ಕಳು. ನಾನು ಅದನ್ನು ಗಮನಿಸಿದೆ, ಆದರೆ ಮಲಗಿದವಳಿಗೆ ಮಾಡಲು ಕೆಲಸವಿಲ್ಲವಲ್ಲ ಎಂದುಕೊಂಡು ಸುಮ್ಮನಾದೆ.

ಉಳಿದದ್ದು ಗುರುವಾರ ಒಂದೇ. ಬುಧವಾರ ಸಂಜೆ ಜರ್ಮನಿಗೂ ಸ್ಪೇನಿಗೂ ಆಟ. ಸೂರ್ಯ ಮುಳುಗಿ ಕಾಲು ನಮ್ಮದಾದ ಕೂಡಲೇ ಜಂಬಣ್ಣನ ಅಂಗಡಿಯಲ್ಲಿ ನಾವು ನಾಲ್ಕು ಜನ ಕೂತು ಮಾತಾಡಿದೆವು. ಬ್ರೆಜಿಲ್ ಬಿಟ್ಟು ಇನ್ನೊಂದನ್ನು ಹೊಗಳದ ಜಂಬಣ್ಣನೇ, "ಜರ್ಮನಿ ಗೆಲ್ತದೆ ಬಿಡಣ್ಣ. ಸ್ಪೇನಿನೋರು ಚೆಂಡನ್ನ ಒಬ್ಬರಿಗೊಬ್ಬರು ಕೊಟ್ಕಂಡು ಕೂತಿರ್ತಾರೆ, ಜರ್ಮನಿಯೋರು ಎರಡು ಗೋಲು ಹೊಡ್ದು ಮನೆಗೆ ಹೋಗ್ತಾರೆ" ಎಂದ. ಖಲಂದರ್ ಎದೆ ತಟ್ಟಿಕೊಂಡ. ನಾನು ಹಿತ್ತಿಲ ಬಾಗಿಲು ಕಳಚಿ ಹಲಗೆ ಮಾಡಿದೆ, ಕಂಬಳಿ ಹಾಸಿದೆ, ಕಟ್ಟಲು ಹಳೆಯ ಸೀರೆಗಳನ್ನು ಸೀಳಿ ಇಟ್ಟೆ. ಗುರುವಾರ ಬೆಳಿಗ್ಗೆ ಮೆಟ್ಟಿಲ ಬುಡಕ್ಕೆ ಆಂಬುಲೆನ್ಸ್ ಬರುವಂತೆ ನರ್ಸಮ್ಮನಿಂದ ಫೋನ್ ಮಾಡಿಸಿದೆ. ತಿಪ್ಪಮ್ಮನ ತಲೆದೆಸೆಯಲ್ಲಿ ಕೂತು ಮಾತು ಕೊಟ್ಟೆ. "ನಾಳೆ ಜರ್ಮನಿ. ಎಂಟು ಜನ, ಒಂದೇ ಹೆಜ್ಜೆ. ನಿನ್ನ ಹೊಟ್ಟೆ ಮ್ಯಾಲೆ ಮಜ್ಜಿಗೆ ಲೋಟ ಇಟ್ರೂ ತುಳುಕಲ್ಲ ಕಣೆ."

"ಮಜ್ಜಿಗೆ ಬ್ಯಾಡ, ಕಾಫಿ ಇಡು" ಎಂದಳು ಅವಳು. "ಹಂಗೇ ಕುಡ್ಕಂಡು ಹೋಗ್ತೀನಿ."

ಸ್ಪೇನ್ ಒಂದು ಗೋಲಿನಿಂದ ಗೆದ್ದಿತು.

ಗೋಲು ಆದದ್ದು ಆಟ ಮುಗಿಯಲು ಐದು ನಿಮಿಷ ಇದ್ದಾಗ. ಮೂವತ್ತು ಸಲವೋ ನಲವತ್ತು ಸಲವೋ ಚೆಂಡನ್ನು ಆಚೆ ಈಚೆ ಕೊಟ್ಟುಕೊಂಡು, ನಮಗೆಲ್ಲ ಆಕಳಿಕೆ ಬರುವ ಹೊತ್ತಿಗೆ, ಯಾರೋ ಒಬ್ಬ ಮೆಲ್ಲಗೆ ಒಳಗೆ ತಳ್ಳಿದ. ಜಂಬಣ್ಣ ಸೀಮೆಸುಣ್ಣ ತೆಗೆದು ಪಟ್ಟಿಯ ಕೆಳಗಿನ ಕರಿಹಲಗೆಯಲ್ಲಿ ಸ್ಪೇನ್ ಒಂದು ಎಂದು ಬರೆದ. ನನ್ನ ಕಡೆ ತಿರುಗಲಿಲ್ಲ. ನಾನು ಮನೆಗೆ ಹೋದಾಗ ತಿಪ್ಪಮ್ಮ ಸೂರು ನೋಡುತ್ತ ಮಲಗಿದ್ದಳು. ಸುಳ್ಳು ಹೇಳೋಣ ಎಂದುಕೊಂಡೇ ಹೊಸ್ತಿಲು ದಾಟಿದ್ದೆ.

"ಸ್ಪೇನಾ?" ಎಂದಳು.

"ನಿಂಗ್ಯಾರು ಹೇಳಿದ್ರು?"

"ಜರ್ಮನಿ ಗೆದ್ದಿದ್ರೆ ನೀನು ಮೆಟ್ಟಿಲ ಮ್ಯಾಲಿಂದ್ಲೇ ಕೂಗ್ತಿದ್ದೆ." ಆಮೇಲೆ ನನ್ನ ಕೈ ಹಿಡಿದು ಹೇಳಿದಳು. "ಹೋಗ್ಲಿ ಬಿಡಯ್ಯ. ನಡೀದಿದ್ರೆ ಏನಾತು? ಕುಂತಲ್ಲೇ ರೊಟ್ಟಿ ತಟ್ತೀನಿ. ನೀನು ಮಾತ್ರ ಆ ಮುಖ ಹಾಕ್ಕಬ್ಯಾಡ, ನೋಡಕ್ಕಾಗಲ್ಲ."

ಅವಳು ಹಾಗೆ ಸಮಾಧಾನ ಹೇಳಿದ್ದರಿಂದ ನನಗೆ ಹೆಚ್ಚು ಸಂಕಟವಾಯಿತು. ಬೈದಿದ್ದರೆ ನಿದ್ದೆ ಬರುತ್ತಿತ್ತು.

ಬೆಳಿಗ್ಗೆ ನನ್ನನ್ನೂ ಸೇರಿ ಎಂಟು ಜನ ಕೂಡಿದೆವು. ಆದದ್ದಾಗಲಿ ಎಂದು ಅವಳನ್ನು ಹಲಗೆಗೆ ಸೊಂಟದಿಂದ ಕೆಳಗೆ ಬಿಗಿಯಾಗಿ ಕಟ್ಟಿದೆವು, ಕೈ ಮಾತ್ರ ಬಿಡಿಯಾಗಿ ಬಿಟ್ಟೆವು. ಎತ್ತಿದೆವು. ಮೂರು ಹೆಜ್ಜೆ ಹೋದೆವೋ ಇಲ್ಲವೋ, ಖಲಂದರನ ಕೈ ಪಕ್ಕಕ್ಕೆ ಹೊರಳಿತು. ಕೊಡಲು ಅಲ್ಲಿ ಯಾರೂ ಇರಲಿಲ್ಲ. ಅವನು ತಿರುಗಿ ಹಿಂದಿದ್ದ ನನಗೇ ಕೊಟ್ಟ, ನಾನು ಪಕ್ಕದವನಿಗೆ, ಅವನು ಖಲಂದರನಿಗೆ. ಹಲಗೆ ನಮ್ಮ ಎಂಟು ಜನರೊಳಗೇ ಅಂಗಳದಲ್ಲಿ ಗಾಣದ ಹಾಗೆ ಸುತ್ತತೊಡಗಿತು. ಒಂದು ಮೆಟ್ಟಿಲೂ ಇಳಿಯಲಿಲ್ಲ.

"ಏನಯ್ಯ, ಊರು ತೋರಿಸ್ತೀನಂತ ಕಟ್ಕಂಡು ಅಂಗಳ ತೋರಿಸ್ತಿದೀಯ" ಎಂದಳು ತಿಪ್ಪಮ್ಮ. ಆದರೆ ಒಂದು ಸಲವೂ ನರಳಲಿಲ್ಲ. ಆಗ ನನಗೆ ಹೊಳೆಯಿತು. ಹಲಗೆ ಸುತ್ತುತ್ತಿತ್ತು, ಆದರೆ ಅಲುಗುತ್ತಿರಲಿಲ್ಲ. ಒಂದು ಕೈ ಬಿಡುವ ಮುಂಚೆ ಇನ್ನೊಂದು ಕೈ ಅಡಿಗೆ ಬಂದಿರುತ್ತಿತ್ತು. ಜರ್ಮನಿಯ ಹೆಜ್ಜೆಗೂ ಇಷ್ಟು ನಯವಿರಲಿಲ್ಲ. ತಪ್ಪು ಕೈಯದಲ್ಲ, ಕೈ ಸಾಲದೆ ಹೋದದ್ದು ತಪ್ಪು. ಎಂಟು ಜನರಿಗೆ ಕೊಡಲು ಜಾಗವಿಲ್ಲ. ಮೂರು ಮೆಟ್ಟಿಲಿಗೆ ನಾಲ್ಕು ಜನ ಎಂದರೂ ಐನೂರೈವತ್ತು ಜನ ಬೇಕು.

ನಾನು ಕಟ್ಟೆ ಹತ್ತಿ ಕೂಗಿದೆ. "ತಿಪ್ಪಮ್ಮನ್ನ ಕೆಳಕ್ಕೆ ದಾಟಿಸ್ಬೇಕು. ಮನೇಲಿರೋರೆಲ್ಲ ಬಂದು ಮೆಟ್ಟಿಲ ಮ್ಯಾಲೆ ನಿಂತ್ಕಳ್ರಪ್ಪ. ಏನೂ ಮಾಡೋದು ಬ್ಯಾಡ. ಬಂದಾಗ ತಗಳ್ರಿ, ಕೆಳಗಿನೋರಿಗೆ ಕೊಡ್ರಿ."

ಆ ಮಾತೂ ಸ್ಪೇನಿನ ಹಾಗೆಯೇ ಬಾಯಿಂದ ಬಾಯಿಗೆ ಇಳಿಯಿತು. ಕಾಲು ಗಂಟೆಯಲ್ಲಿ ಮೆಟ್ಟಿಲುಗಳ ಎರಡೂ ಕಡೆ ಜನ. ಜೋಯಿಸರು ಇದ್ದರು, ದರ್ಜಿ ಇದ್ದ, ನರ್ಸಮ್ಮ ಇದ್ದರು, ಅರ್ಧ ಕ್ಷೌರವಾದವನೊಬ್ಬ ಕೆನ್ನೆಯ ನೊರೆಯೊಂದಿಗೆ ಜಂಬಣ್ಣನ ಪಕ್ಕ ನಿಂತಿದ್ದ. ಬಂದವರು ಐನೂರೈವತ್ತು ಇರಲಿಕ್ಕಿಲ್ಲ. ಮೇಲಿನವರು ತಮ್ಮ ಸರದಿ ಮುಗಿದ ಕೂಡಲೇ ಓಡಿ ಕೆಳಗಿನ ಖಾಲಿ ಮೆಟ್ಟಿಲಿಗೆ ಹೋಗಿ ನಿಂತರು. ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ಖಾಲಿ ಜಾಗ ಕಂಡರೆ ಅಲ್ಲಿಗೆ ಓಡುವುದೂ ಆ ದೇಶದ ಆಟವೇ.

ನನ್ನ ಹೆಂಡತಿ ನೀರಿನ ಮೇಲೆ ಎಲೆ ತೇಲಿದಂತೆ ಇಳಿದಳು. ಇನ್ನೂರನೇ ಮೆಟ್ಟಿಲಿನ ತಿರುವು ಕಡಿದಾದದ್ದು. ಅಲ್ಲಿ ನಾನು ಯಾವ ಹೊರೆಗೂ ಉಸಿರು ಹಿಡಿಯುತ್ತೇನೆ. ಆ ತಿರುವಿನಲ್ಲಿ ಹಲಗೆಯ ಅಂಚಿಗೆ ಕೈಕೊಟ್ಟು ನಿಂತಿದ್ದವಳು ಹೊನ್ನೂರಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಹಲಗೆಯನ್ನು ತೆಗೆದುಕೊಂಡಳು, ಒಂದು ಗಳಿಗೆ ತಿಪ್ಪಮ್ಮನ ಮುಖ ನೋಡಿದಳು.

"ನಲ್ಲಿ ಹತ್ರ ನನ್ನ ಬಿಂದಿಗೆ ಒದ್ದೋಳು ನೀನೇ ಕಣೆ" ಎಂದಳು.

"ಹೂಂ, ನಾನೇ" ಎಂದಳು ತಿಪ್ಪಮ್ಮ. "ಹಿಡ್ಕಂಡಿದ್ದೀಯಲ್ಲ, ಈಗ ಬೀಳಿಸು."

"ಬೀಳಿಸ್ತೀನಿ ಇರು" ಎನ್ನುತ್ತ ಹೊನ್ನೂರಮ್ಮ ಹೂವಿನ ಬುಟ್ಟಿ ಕೊಡುವ ಹಾಗೆ ಕೆಳಗಿನವರಿಗೆ ಕೊಟ್ಟಳು. ಆಮೇಲೆ ಅವಳೂ ಕೆಳಗಿನ ಖಾಲಿ ಮೆಟ್ಟಿಲಿಗೆ ಓಡಿದಳು.

ಹನ್ನೆರಡೂ ಕಾಲಿಗೆ ಹಲಗೆ ಬುಡ ಮುಟ್ಟಿತು. ಆಂಬುಲೆನ್ಸ್ ಹಿಂದಿನ ಬಾಗಿಲು ತೆರೆದುಕೊಂಡು ಕೊನೆಯ ಮೆಟ್ಟಿಲಿಗೆ ತಾಗಿ ನಿಂತಿತ್ತು. ಆಸ್ಪತ್ರೆಗೆ ಇಪ್ಪತ್ತು ನಿಮಿಷದ ದಾರಿ. ನಾನು ಬಾಗಿಲ ಪಕ್ಕದಲ್ಲೇ ನಿಂತಿದ್ದೆ, ಕೊನೆಯ ಕೈ ನನ್ನದೇ ಆಗಬೇಕು ಎಂದು. ತಲೆ ಮುಂದಾಗಿ ಹಲಗೆ ಬಂತು. ತೆಗೆದುಕೊಂಡೆ. ಎದುರಿಗೆ ಬಾಯಿ ತೆರೆದ ಗಾಡಿ, ಒಂದು ಮೊಳ ದೂರ. ಒಳಗೆ ತಳ್ಳಿದರೆ ಮುಗಿಯಿತು.

ನನ್ನ ಕೈ ಹಲಗೆಯನ್ನು ಪಕ್ಕದವನಿಗೆ ಕೊಟ್ಟಿತು.

ಅವನು ಅದನ್ನು ಗಾಡಿಯ ಇನ್ನೊಂದು ಮಗ್ಗುಲಿನಲ್ಲಿದ್ದ ಖಲಂದರನಿಗೆ ಕೊಟ್ಟ. ಖಲಂದರ್ ಬಾಗಿಲನ್ನು ನೋಡಿದ, ಹಲಗೆಯನ್ನು ನೋಡಿದ, ಹಿಂದಕ್ಕೆ ಕೊಟ್ಟ. ತಿಪ್ಪಮ್ಮ ಮೆಟ್ಟಿಲು ಹತ್ತತೊಡಗಿದಳು. ಹದಿನೇಳು ಮೆಟ್ಟಿಲು ಹಿಂದೆ ಹೋಗಿ, ಅಡ್ಡಡ್ಡ ತಿರುಗಿ, ಮತ್ತೆ ಬಂದಳು. ಮತ್ತೆ ನನ್ನ ಕೈಗೆ ಬಂದಳು. ಹಲ್ಲು ಕಚ್ಚಿದೆ, ಹೆಗಲನ್ನೂ ಒಡ್ಡಿದೆ. ಮತ್ತೆ ಕೊಟ್ಟೆ. ಇಡೀ ಊರಿಗೆ ಊರೇ ಬಾಗಿಲ ಮುಂದೆ ನಿಂತಿದೆ, ಒಳಗೆ ಹಾಕುವವರು ಒಬ್ಬರಿಲ್ಲ.

"ಡ್ರೈವರ್ ಹೊರಗಿನೋನು! ಅವನಿಗೆ ಹೇಳ್ರೋ!" ಎಂದು ನಾನು ಕಿರುಚಿದೆ. ಡ್ರೈವರ್ ಓಡಿ ಬಂದು ಕೈಕೊಟ್ಟ. ನನಗೆ ಜೀವ ಬಂದ ಹಾಗಾಯಿತು. ಅವನು ಹಲಗೆಯನ್ನು ತೆಗೆದುಕೊಂಡು, ಅಂದವಾಗಿ ಒಂದು ಅರ್ಧ ಸುತ್ತು ತಿರುಗಿ, ಜಂಬಣ್ಣನಿಗೆ ಕೊಟ್ಟ. ಮೆಟ್ಟಿಲ ಬುಡದ ಗೂಡಂಗಡಿಯಲ್ಲಿ ಬೆಳಗಿನಿಂದ ನಮ್ಮೂರಿನ ನೀರಲ್ಲಿ ಕಾಯಿಸಿದ ಮೂರು ಟೀ ಕುಡಿದಿದ್ದನಂತೆ. ಐನೂರು ಜನರಿಗೆ ನಿಲ್ಲಲು ಹೇಳಿದ ನನಗೆ, ಒಬ್ಬ ಟೀಯಂಗಡಿಯವನಿಗೆ ಕೊಡಬೇಡ ಎಂದು ಹೇಳಲು ನೆನಪಾಗಲಿಲ್ಲ. "ಏನ್ ಸಾರ್ ಇದು, ಕೈ ನನ್ ಮಾತೇ ಕೇಳ್ತಿಲ್ಲ!" ಎಂದು ಅವನು ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಒಂದು ಗಂಟೆ ಆಯಿತು. ಒಂದೂ ಹತ್ತು ಆಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಮತ್ತೊಮ್ಮೆ ಹಲಗೆ ನನ್ನ ಕೈಗೆ ಬಂದಾಗ ನನ್ನ ಕಣ್ಣಲ್ಲಿ ನೀರಿತ್ತು. "ಆಗ್ತಿಲ್ಲ ಕಣೆ ತಿಪ್ಪಿ" ಎಂದೆ. ಅವಳು ನನ್ನನ್ನು ಕೆಳಗಿನಿಂದ ನೋಡಿದಳು. ನಾಲ್ಕು ದಿನದಿಂದ ಹಾಗೆ ಕೆಳಗಿನಿಂದಲೇ ಎಲ್ಲರನ್ನೂ ನೋಡುತ್ತಿದ್ದಳು.

"ಅಳಬ್ಯಾಡ. ಇನ್ನೊಂದು ಸಲ ಇದೇ ದಾರೀಲಿ ತರ್ರಿ" ಎಂದಳು. "ತಲೆ ಮುಂದಾಗೇ ಬರ್ಲಿ. ಬಾಗ್ಲಿಗೆ ಇನ್ನೂ ಒಂದು ಗೇಣು ಹತ್ರ. ಕೈಗೆ ಬಂದಾಗ ನೀನು ನಿನ್ನ ಸ್ಪೇನ್ ಮಾಡು, ಸುಮ್ನೆ ಬಿಟ್ಬಿಡು."

ಅದು ಹೋಯಿತು, ಬಂತು. ನನ್ನ ಕೈಗೆ ಸಿಕ್ಕಿತು. ಪಕ್ಕಕ್ಕೆ ಹೊರಳುವ ಮುಂಚೆ ತಿಪ್ಪಮ್ಮ ಎರಡೂ ಕೈಯನ್ನು ತಲೆಯ ಹಿಂದಕ್ಕೆ ಚಾಚಿ ಗಾಡಿಯೊಳಗಿನ ಕಬ್ಬಿಣದ ಸರಳನ್ನು ಹಿಡಿದಳು. ನಲವತ್ತು ವರ್ಷ ರಾಗಿ ಬೀಸಿದ, ಮುದ್ದೆ ತಿರುವಿದ ಕೈ ಅದು. "ಬಿಡ್ರೋ!" ಎಂದು ಕೂಗಿದಳು. ಬಿಡುವುದೊಂದನ್ನು ಮಾತ್ರ ಆವತ್ತು ನಾವೆಲ್ಲ ಚೆನ್ನಾಗಿ ಬಲ್ಲೆವು. ಒಟ್ಟಿಗೆ ಬಿಟ್ಟೆವು, ಮೆಲ್ಲಗೆ, ಬೆರಳ ತುದಿಯಿಂದ. ಅವಳು ಉಸಿರು ಬಿಗಿಹಿಡಿದು ಎಳೆದುಕೊಂಡಳು. ಹಲಗೆ ಗಾಡಿಯ ತಗಡಿನ ಮೇಲೆ ಸರ್ರನೆ ಜಾರಿ ಒಳಗೆ ಹೋಗಿ ನಿಂತಿತು.

ಜಂಬಣ್ಣ "ಗೋಲ್!" ಎಂದು ಕಿರುಚಿದ. ಆ ಕೂಗು ಮೆಟ್ಟಿಲಿಂದ ಮೆಟ್ಟಿಲಿಗೆ ಏರಿ ಮೇಲುಕೇರಿಯ ತನಕ ಹೋಯಿತು. ಮುಖದ ಮೇಲೆ ನೊರೆ ಒಣಗಿಹೋಗಿದ್ದವನು ಜೋಯಿಸರನ್ನು ಅಪ್ಪಿಕೊಂಡ. ಹೊನ್ನೂರಮ್ಮ ಕೊನೆಯ ಮೆಟ್ಟಿಲಲ್ಲಿ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಗಾಡಿ ಹತ್ತಿದೆ, ಅಥವಾ ಯಾರೋ ನನ್ನನ್ನು ದಾಟಿಸಿ ಹತ್ತಿಸಿದರು. ಡ್ರೈವರ್ ಓಡಿಸುತ್ತಾನೋ ಇಲ್ಲವೋ ಎಂಬ ಭಯ ಒಂದಿತ್ತು. ಆದರೆ ರೋಗಿಯನ್ನು ಒಯ್ದು ಇನ್ನೊಬ್ಬರ ಕೈಗೆ ಕೊಡುವುದೇ ಅವನ ಕೆಲಸ. ಅದಕ್ಕೆ ಸ್ಪೇನ್ ಅಡ್ಡ ಬರಲಿಲ್ಲ. ಅಷ್ಟು ನಯವಾಗಿ ಅವನು ಯಾವತ್ತೂ ಓಡಿಸಿರಲಿಲ್ಲವಂತೆ. ಊರಿನ ಕಮಾನು ದಾಟಿ ನಮ್ಮ ನೀರು ಅವನನ್ನು ಬಿಟ್ಟ ಮೇಲೆಯೇ ಗಾಡಿ ಮೊದಲ ಸಲ ಒಂದು ಸಣ್ಣ ಗುಂಡಿಗೆ ಬಿದ್ದದ್ದು.

ಗಾಡಿಯೊಳಗೆ ನಾನು ಕೇಳಿದೆ. "ನಮ್ಮ ಕೈಯೆಲ್ಲ ಹಂಗಾಗಿರೋವಾಗ ನಿನ್ನ ಕೈ ಮಾತ್ರ ನಿನ್ನ ಮಾತು ಹೆಂಗೆ ಕೇಳ್ತು?"

"ನೀವೆಲ್ಲ ಆಡ್ತಿದ್ರಿ" ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ. "ನಾನು ಚೆಂಡು. ಚೆಂಡಿಗೆ ಯಾವ ದೇಶ?"

ಒಂದೂ ಮುಕ್ಕಾಲಿಗೆ ಮೂಳೆ ಡಾಕ್ಟರ ಮುಂದೆ ಇದ್ದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೈಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದರು. ಚಿತ್ರ ತೆಗೆಸಿ ಬೆಳಕಿಗೆ ಹಿಡಿದು ನೋಡಿ ಚೀಲ ಕೆಳಗಿಟ್ಟರು. "ನಾನೂರು ಮೆಟ್ಟಿಲು ಇಳಿಸಿದ್ರಿ ಅಂತೀರಾ? ಮುರಿದ ಮೂಳೆ ಇದ್ದ ಜಾಗ ಬಿಟ್ಟು ಒಂದು ಕೂದಲೆಳೆ ಕದಲಿಲ್ಲ. ಯಾವುದರಲ್ಲಿ ತಂದ್ರಿ?"

"ಬಾಗ್ಲಲ್ಲಿ ಕಣಮ್ಮ" ಎಂದೆ. ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆ. ಸಂಜೆ ಸೂರ್ಯ ಮುಳುಗುವಾಗ ನರ್ಸೊಬ್ಬಳು ಬಂದು ಎಲ್ಲ ಸರಿಹೋಯಿತು, ಎರಡು ತಿಂಗಳಲ್ಲಿ ಕೋಲು ಹಿಡಿದು ನಡೆಯುತ್ತಾರೆ ಎಂದಳು. ನನ್ನ ಕೈಯಲ್ಲಿ ಒಂದು ಬನ್ನು ಇತ್ತು. ಬಹಳ ಹೊತ್ತಿನಿಂದ ಈ ಕೈಯಿಂದ ಆ ಕೈಗೆ ಅದನ್ನು ಬದಲಾಯಿಸುತ್ತ ಕೂತಿದ್ದೆ. ಆಗ ಅದು ನಿಂತಿತು. ಬನ್ನನ್ನು ಬಾಯಿಗಿಟ್ಟು ತಿಂದೆ. ನನ್ನ ಜನ್ಮದಲ್ಲಿ ಅಷ್ಟು ರುಚಿಯಾದದ್ದನ್ನು ತಿಂದ ನೆನಪಿಲ್ಲ.

ಅವಳು ಊರಿಗೆ ಮರಳುವ ಹೊತ್ತಿಗೆ ವಿಶ್ವಕಪ್ ಮುಗಿದು ವಾರಗಳೇ ಆಗಿದ್ದವು. ನಮ್ಮ ಕಾಲಿಗೆ ನಮ್ಮದೇ ನಡಿಗೆ ಬಂದಿತ್ತು. ಎಂಟು ಜನ ಕುರ್ಚಿಯಲ್ಲಿ ಕೂರಿಸಿ ಹೊತ್ತೆವು. ಒಬ್ಬ ಮುಗ್ಗರಿಸಿದ, ಒಬ್ಬ ಬೀಡಿಗೆ ನಿಂತ. ದಾರಿಯುದ್ದಕ್ಕೂ ಅವಳು ಬೈದಳು. "ಆವತ್ತು ಹಾಲಿನ ಮೇಲೆ ಕೆನೆ ಹೋದಂಗೆ ಹೋಗಿದ್ದೆ. ಇವತ್ತು ಕಲ್ಲು ತುಂಬಿದ ಗಾಡೀಲಿ ಬಂದಂಗೆ ಬರ್ತಿದ್ದೀನಿ." ಇನ್ನೂರನೇ ಮೆಟ್ಟಿಲಿನ ತಿರುವಿನಲ್ಲಿ ಹೊನ್ನೂರಮ್ಮ ನೀರಿನ ಚೊಂಬು ಹಿಡಿದು ಕಾದಿದ್ದಳು. ಇಬ್ಬರೂ ನಲ್ಲಿಯ ವಿಷಯದಲ್ಲಿ ಮತ್ತೆ ಜಗಳ ತೆಗೆದರು. ಹನ್ನೊಂದು ವರ್ಷದ ಮೌನಕ್ಕಿಂತ ಆ ಜಗಳ ಕೇಳಲು ಹಿತವಾಗಿತ್ತು.

ಜಂಬಣ್ಣನ ಅಂಗಡಿ ಬಂದಾಗ ಅವಳು ಕುರ್ಚಿ ಇಳಿಸಲು ಹೇಳಿದಳು. ಕೋಲೂರಿ ಎದ್ದು ನಿಂತು, ಒಂದೊಂದೇ ಹೆಜ್ಜೆ ಇಟ್ಟು, ಜೀವಮಾನದಲ್ಲಿ ಮೊದಲ ಸಲ ಆ ಅಂಗಡಿಯ ಒಳಗೆ ಹೋದಳು. ಪಟ್ಟಿಯ ಕೆಳಗಿನ ಕರಿಹಲಗೆಯಲ್ಲಿ ಜಂಬಣ್ಣ ಆ ಬುಧವಾರದ ಬರಹವನ್ನು ಅಳಿಸದೆ ಉಳಿಸಿದ್ದ. ಅದರ ಮುಂದೆ ಇನ್ನೊಂದು ಸೇರಿಸಿದ್ದ. ಸ್ಪೇನ್ ೧, ತಿಪ್ಪಕ್ಕ ೧. ಅವಳಿಗೆ ಓದಲು ಬರುವುದಿಲ್ಲ. ಜಂಬಣ್ಣನೇ ಹೆಮ್ಮೆಯಿಂದ ಓದಿ ಹೇಳಿದ.

"ಅಂದ್ರೆ ಸಮ ಆತು ಅಂತ ತಾನೆ?" ಎಂದಳು.

"ಹೌದಕ್ಕ. ಸಮ."

"ಸಮ ಆದ್ರೆ ನಿಮ್ಮ ಕೈಕಾಲು ನಿಮಗೇ ಇರ್ಬೇಕಿತ್ತಲ್ಲೋ? ಆವತ್ತು ಇದ್ವಾ?" ತಿಪ್ಪಮ್ಮ ಕೋಲಿನ ತುದಿಯಿಂದ ಕರಿಹಲಗೆಯನ್ನು ತಟ್ಟಿದಳು. "ಇದ್ದಿದ್ದು ನನ್ನ ಕೈ ಎರಡೇ. ಅಳಿಸು. ನನ್ನದು ಎರಡು ಮಾಡು."

ಜಂಬಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಅಳಿಸಿ ಎರಡು ಮಾಡಿದ.